ಔರಾದದ ಮೂವತ್ತೊಂದು ಹೆಸರು

ಮೈಲೂರ, ಬೀದರ
೧೬ ನವೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಕ್ಯಾಥರಿನ ಅಕ್ಕನಿಗೆ,

ನಿನಗೂ ಭಾವನವರಿಗೂ ಕ್ರಿಸ್ತನ ಹೆಸರಿನಲ್ಲಿ ತಂಗಿ ಶರೋನಳ ವಂದನೆಗಳು. ದಸರಾ ಸೂಟಿಯಲ್ಲಿ ನೀನು ಬರೆದ ಕಾಗದ ಬಂದು ಆರು ವಾರ ಆಯಿತು. ಅದನ್ನು ಬೈಬಲಿನೊಳಗೆ ಇಟ್ಟಿದ್ದೆ. ಪ್ರತಿ ಭಾನುವಾರ ಚರ್ಚಿನಲ್ಲಿ ಪುಸ್ತಕ ತೆರೆದಾಗ ಅದು ಕಣ್ಣಿಗೆ ಬೀಳುತ್ತಿತ್ತು, ಇವತ್ತು ಬರೆಯಲೇಬೇಕು ಅಂದುಕೊಳ್ಳುತ್ತಿದ್ದೆ, ಮನೆಗೆ ಬಂದು ಉಂಡು ಮಲಗಿಬಿಡುತ್ತಿದ್ದೆ. ಬೈಯಬೇಡ. ಬೈದರೂ ಕಾಗದದಲ್ಲಿ ಬೈಯಿ, ಫೋನಿನಲ್ಲಿ ಬೇಡ. ನಿನ್ನ ಕಿವಿಗೆ ಫೋನು ಕೇಳಿಸುವುದಿಲ್ಲ, ಭಾವನವರು ಸ್ಪೀಕರ್ ಹಚ್ಚಿದರೆ ಭಾಲ್ಕಿಯ ನಿಮ್ಮ ಓಣಿಗೆಲ್ಲ ಕೇಳಿಸುತ್ತದೆ. ನನಗಂತೂ ಈ ವರ್ಷ ಫೋನೇ ಬೇಡವಾಗಿದೆ. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ.

ಮೊದಲು ಮನೆಯ ಸುದ್ದಿ. ನಮ್ಮ ಮನೆಯವರ, ಡೇವಿಡ ಮಾಸ್ತರರ, ಮೊಣಕಾಲು ನೋವು ಹಾಗೇ ಇದೆ. ಶಾಲೆಗೆ ಹೋಗುವಾಗ ಕುಂಟುತ್ತಾರೆ, ಕ್ರಿಕೆಟ್ ನೋಡಲು ಪಕ್ಕದ ಮನೆಗೆ ಹೋಗುವಾಗ ಮಾತ್ರ ಕುಂಟುವುದಿಲ್ಲ. ಚರ್ಚಿನಲ್ಲಿ ಕ್ರಿಸ್‌ಮಸ್ ಹಾಡಿನ ಅಭ್ಯಾಸ ಶುರುವಾಗಿದೆ. ಈ ಸಲ ನಾನು ಹಾಡುವುದಿಲ್ಲ ಎಂದು ಹೇಳಿಬಿಟ್ಟೆ, ಗಂಟಲು ಉಳಿದಿಲ್ಲ. ಭಾತಂಬ್ರಾದ ನಿಮ್ಮ ಹೊಲದಲ್ಲಿ ತೊಗರಿ ಹೇಗಿದೆ, ಬರೆ. ಜಾಕ್ಸನ ಆರಾಮ ಇದ್ದಾನೆ. ಅವನ ಅಪ್ರೆಂಟಿಸ್ ಅರ್ಜಿ ಏನಾಯಿತು, ಭಾಲ್ಕಿಯ ಕಡೆ ಯಾಕೆ ಮುಖ ಹಾಕುತ್ತಿಲ್ಲ ಎಂದು ಒಂದೇ ಕಾಗದದಲ್ಲಿ ಎರಡು ಸಲ ಕೇಳಿದ್ದೀಯ. ಆರು ತಿಂಗಳು ನಿನ್ನ ಕೈಯ ಊಟ ಉಂಡು ಅಲ್ಲಿಯ ಕೇಂದ್ರದಲ್ಲಿ ಫ್ರಿಜ್ ರಿಪೇರಿ ಕಲಿತವನು ನನ್ನ ಮಗ, ನೀನು ಕೇಳುವುದು ಸರಿಯೇ. ಅವನ ವಿಷಯ ಕೊನೆಗೆ ಬರೆಯುತ್ತೇನೆ. ಔರಾದದ್ದನ್ನು ಮೊದಲು ಹೇಳದಿದ್ದರೆ ಅದು ನಿನಗೆ ಅರ್ಥವಾಗುವುದಿಲ್ಲ.

ನಮ್ಮ ಕೌಶಲ್ಯ ತರಬೇತಿ ಆಫೀಸಿನಲ್ಲಿ ಈ ವರ್ಷ ಎದ್ದರೆ ಕೂತರೆ ಒಂದೇ ಮಾತು, ಜಿಲ್ಲೆಯ ಐದು ವರ್ಷದ ಕ್ರಿಯಾ ಯೋಜನೆ. ಯಾವ ತಾಲ್ಲೂಕಿನಲ್ಲಿ ಯಾವ ತರಬೇತಿ, ಎಷ್ಟು ಬ್ಯಾಚು, ಎಷ್ಟು ಸೀಟು ಎಂದು ಈಗಲೇ ಬರೆದು ಬೆಂಗಳೂರಿಗೆ ಕಳಿಸಬೇಕು. ಬರೆದದ್ದೇ ಐದು ವರ್ಷ ನಡೆಯುತ್ತದೆ. ಅದಕ್ಕೆ ಮೊದಲು, ಇಲ್ಲಿಯವರೆಗೆ ಕಲಿತವರಲ್ಲಿ ಎಷ್ಟು ಜನಕ್ಕೆ ನೌಕರಿ ಸಿಕ್ಕಿತು ಎಂದು ಕೇಳಿ ತಿಳಿಯಬೇಕು. ಭಾಲ್ಕಿಯ ಪಟ್ಟಿಗೆ ಬೆಂಗಳೂರಿನಿಂದಲೇ ಫೋನು ಮಾಡಿದರು. ಬೀದರ ಮತ್ತು ಔರಾದ ನನ್ನ ಪಾಲಿಗೆ ಬಂದವು. ಹೊರಗುತ್ತಿಗೆಯವಳು ನಾನು, ಮಾರ್ಚಿಗೆ ಗುತ್ತಿಗೆ ಮುಗಿಯುತ್ತದೆ, ಆಗುವುದಿಲ್ಲ ಎನ್ನಲು ಬಾಯಿ ಎಲ್ಲಿಯದು?

ಒಂಬತ್ತು ಪ್ರಶ್ನೆ ಅಕ್ಕ. ಹೆಸರೇನು, ವಯಸ್ಸೆಷ್ಟು, ಎಲ್ಲಿಯವರೆಗೆ ಓದಿದ್ದಾರೆ, ಮದುವೆ ಆಗಿದೆಯೋ ಇಲ್ಲವೋ, ಈಗ ನೌಕರಿಯಲ್ಲಿದ್ದಾರೆಯೇ, ಎಲ್ಲಿ, ಪಗಾರ ಎಷ್ಟು, ಊರಲ್ಲೇ ಇರುತ್ತಾರೋ ಹೊರಗೋ, ಮುಂದೆಯೂ ಕೆಲಸ ಮಾಡುವ ಮನಸ್ಸಿದೆಯೇ. ದಿನಕ್ಕೆ ಎಪ್ಪತ್ತು ಎಂಬತ್ತು ಮನೆಗೆ ಇದೇ ಮಂತ್ರ. ಮೊದಮೊದಲು ಆಫೀಸಿನ ಪೂರ್ತಿ ಹೆಸರು ಹೇಳುತ್ತಿದ್ದೆ. ಅದೊಂದು ಗಜದುದ್ದದ ಹೆಸರು, ಮುಗಿಯುವಷ್ಟರಲ್ಲಿ ಸಾಲದ ಕಂಪನಿಯವರೆಂದು ತಿಳಿದು ಇಟ್ಟುಬಿಡುತ್ತಿದ್ದರು. ನಾನು ಜಾಣೆ ನೋಡು, ಔರಾದದ ಪಟ್ಟಿಗೆ ಬಂದಾಗ ಹೆಸರನ್ನೇ ಬಿಟ್ಟೆ. ‘ಬೀದರದಿಂದ ಮಾತಾಡ್ಲತ್ತೀನ್ರಿ, ಮನ್ಯಾಗ ಎಲ್ಲಾರೂ ಆರಾಮ ಇದ್ದೀರೇನ್ರಿ?’ ಎಂದು ಶುರು ಮಾಡಿದೆ. ಆಮೇಲೆ ಒಬ್ಬರೂ ಫೋನು ಇಡಲಿಲ್ಲ. ಎಷ್ಟು ಚೆನ್ನಾಗಿ ಮಾತಾಡಿದರು! ನನ್ನ ಮನೆತನ ಯಾವುದು, ನಾವು ಎಷ್ಟು ಜನ ಅಕ್ಕತಂಗಿಯರು ಎಂದೆಲ್ಲ ವಿಚಾರಿಸಿದರು. ಈ ಕಡೆಯ ಮಂದಿ ಎಷ್ಟು ಪ್ರೀತಿಯವರು ಎಂದು ನಾನು ಮನೆಯಲ್ಲಿ ಹೇಳಿ ಹೇಳಿ ಹೊಗಳಿದ್ದೇ ಹೊಗಳಿದ್ದು.

ಎರಡು ತಿಂಗಳ ಮೇಲೆ ಪಟ್ಟಿ ಕೂಡಿಸಿದಾಗ ಔರಾದ ಇಡೀ ಜಿಲ್ಲೆಗೆ ಮೊದಲು ಬಂತು. ರೋಗಿಗಳ ಆರೈಕೆ ಮತ್ತು ಹೊಲಿಗೆ ಕಲಿತ ನಲವತ್ತೆರಡು ಜನರಲ್ಲಿ ಮೂವತ್ತೊಂಬತ್ತು ಜನಕ್ಕೆ ನೌಕರಿ. ನಮ್ಮ ಯೋಜನಾಧಿಕಾರಿ ಏಕನಾಥ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಕೆಟ್ಟ ಮನುಷ್ಯರಲ್ಲ. ಸಕ್ಕರೆ ಕಾಯಿಲೆ, ಮೇಲಿನವರ ಫೋನು, ಎರಡಕ್ಕೂ ಹೆದರಿ ಹೆದರಿ ಅರ್ಧವಾಗಿದ್ದಾರೆ. ‘ಮೇಡಂ, ಔರಾದ ಫಸ್ಟ್ ಬಂತಲ್ರಿ!’ ಎಂದು ಖುಷಿಪಟ್ಟರು. ಆಮೇಲೆ ಆ ಖುಷಿಯಲ್ಲೇ ಕರಡಿನಲ್ಲಿ ಬರೆದರು: ಔರಾದದಲ್ಲಿ ತರಬೇತಿ ಪಡೆದವರಿಗೆಲ್ಲ ಉದ್ಯೋಗ ದೊರೆತಿರುವುದರಿಂದ ಮುಂದಿನ ಐದು ವರ್ಷ ಅಲ್ಲಿಗೆ ಹೊಸ ಬ್ಯಾಚು ಅಗತ್ಯವಿಲ್ಲ. ಆ ಸೀಟುಗಳನ್ನು ಬೇರೆ ತಾಲ್ಲೂಕುಗಳಿಗೆ ಹಂಚಿದರು. ಅಂದರೆ ಔರಾದದ ಕೇಂದ್ರಕ್ಕೆ ಬೀಗ. ನನಗೂ ಆಗ ಅದರಲ್ಲಿ ತಪ್ಪು ಕಾಣಲಿಲ್ಲ. ಎಲ್ಲರಿಗೂ ನೌಕರಿ ಸಿಕ್ಕ ಊರಿಗೆ ಮತ್ತೇನು ಬೇಕು ಅಂದುಕೊಂಡೆ.

ಯೋಜನೆಯ ಪುಸ್ತಕದಲ್ಲಿ ಯಶೋಗಾಥೆ ಎಂದು ಒಂದು ಪುಟ ಇರುತ್ತದೆ. ನೌಕರಿ ಸಿಕ್ಕವರ ಫೋಟೋ ಹಾಕಬೇಕು. ‘ಔರಾದದ ಒಂದು ಹುಡುಗಿದು ಫೋಟೋ ತಗೊಂಡ ಬರ್ರಿ, ನಕ್ಕೋತ ನಿಂತಿದ್ದು ಇರಲಿ’ ಎಂದರು ಸರ್. ನಾನು ಕಾಜಲ ಎಂಬ ಹುಡುಗಿಯನ್ನು ಆರಿಸಿದೆ. ಅವಳ ತಂದೆ ಮಡೆಪ್ಪ ಫೋನಿನಲ್ಲಿ ಬಹಳ ಅಭಿಮಾನದಿಂದ ಮಾತಾಡಿದ್ದ. ಮಗಳು ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿದ್ದಾಳೆ, ಪರ್ಮನೆಂಟ್ ಎಂದಿದ್ದ. ಮತ್ತೆ ಫೋನು ಮಾಡಿ, ಹುಡುಗಿಯನ್ನು ಒಮ್ಮೆ ನೋಡಬೇಕಿತ್ತು, ಯಾವಾಗ ಬರಲಿ ಎಂದೆ. ಒಳಗೆ ಯಾರನ್ನೋ ಕರೆದು ಏನೋ ಕೇಳಿದ. ಆಮೇಲೆ, ‘ಗುರುವಾರ ಬರ್ರಿ. ಅಕಿ ರಜಾ ಹಾಕಿ ಬರ್ತಾಳ’ ಎಂದ.

ಹೋದ ವಾರದ ಗುರುವಾರ ಬಸ್ಸಿನಲ್ಲಿ ಹೋದೆ. ಸಂತಪುರ ದಾಟಿದ ಮೇಲೆ ಎರಡೂ ಕಡೆ ತೊಗರಿ ಹೂವು ಬಿಟ್ಟಿತ್ತು. ಬಹಳ ದಿನದ ಮೇಲೆ ಫೋನು ಹಿಡಿಯದೆ ಕಿಟಕಿಗೆ ತಲೆಯಾನಿಸಿ ಕೂತಿದ್ದೆ, ಸುಖವೆನಿಸಿತು. ಮಡೆಪ್ಪನ ಮನೆ ಊರ ಅಂಚಿನಲ್ಲಿದೆ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ನಾಲ್ಕು ಕೆಂಪು ಕುರ್ಚಿ ಇಟ್ಟಿದ್ದರು, ಬೆನ್ನಿನ ಮೇಲೆ ಯಾವುದೋ ಮಂಗಲ ಕಾರ್ಯಾಲಯದ ಹೆಸರಿತ್ತು. ಮಡೆಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ.

‘ಬರ್ರಿ ಬರ್ರಿ. ಒಬ್ಬರೇ ಬಂದೀರೇನ್ರಿ? ಮತ್ತ ಯಾರೂ ಬರಲಿಲ್ಲ?’

ಸರಕಾರದ ಕೆಲಸಕ್ಕೆ ಇಷ್ಟು ಜನ ಯಾಕೆ ಬರುತ್ತಾರೆ, ಫೋಟೋ ತೆಗೆಯಲು ನಾನೊಬ್ಬಳು ಸಾಕು ಎಂದು ಮನಸ್ಸಿನಲ್ಲೇ ಅಂದುಕೊಂಡು, ‘ಒಬ್ಬಾಕಿನೇ ಬಂದೀನ್ರಿ’ ಎಂದೆ. ಒಗ್ಗರಣೆ ಹಾಕಿದ ಚುರುಮುರಿಯ ಸುಸಲಾ ಬಂತು, ಮೇಲೆ ಶೇವು ಉದುರಿಸಿದ್ದರು. ಇಷ್ಟು ಮರ್ಯಾದೆ ನಮ್ಮ ಆಫೀಸಿಗೆ ಇನ್ನೂ ಇದೆಯಲ್ಲ ಎಂದು ಕಣ್ಣು ತುಂಬಿ ಬಂತು, ನಿಜವಾಗಿ. ಆಮೇಲೆ ಒಳಗಿನಿಂದ ಹಸಿರು ಸೀರೆ ಉಟ್ಟ ಹುಡುಗಿ, ತಲೆ ಮೇಲೆ ಸೆರಗು ಹೊದ್ದು, ಚಹಾದ ಬಟ್ಟಲುಗಳಿದ್ದ ತಟ್ಟೆ ಹಿಡಿದುಕೊಂಡು ನೆಲ ನೋಡುತ್ತ ಬಂದಳು. ಇಪ್ಪತ್ತೆರಡು ವರ್ಷದ ಹುಡುಗಿ. ನಾನು ಮೊಬೈಲು ತೆಗೆದು, ‘ಸ್ವಲ್ಪ ನಗಮ್ಮ’ ಎಂದು ಫೋಟೋ ಹೊಡೆದೆ.

ಮಡೆಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ‘ಬಾಯಿಯವರ, ತಪ್ಪು ತಿಳಕೋಬ್ಯಾಡ್ರಿ. ನಿಮ್ಮ ಹುಡುಗಂದೂ ಒಂದು ಫೋಟೋ ಇದ್ರ ತೋರಸ್ರಲ್ಲ.’

‘ಯಾವ ಹುಡುಗನ್ರಿ?’ ಎಂದೆ.

ಅಕ್ಕ, ಆ ಮನುಷ್ಯನ ಮುಖ ನೋಡಲಾಗಲಿಲ್ಲ. ನಾನು ಯಾರು, ಎಲ್ಲಿಂದ ಬಂದವಳು, ಆ ಒಂಬತ್ತು ಪ್ರಶ್ನೆ ಯಾಕೆ ಕೇಳಿದ್ದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಅವನು ಕುರ್ಚಿಯನ್ನು ಮತ್ತೆ ಹಿಂದಕ್ಕೆ ಸರಿಸಿದ್ದ. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ ಹೇಳಿದ: ‘ಒಬ್ಬ ಹೆಣ್ಣಮಗಳು ಫೋನ್ ಮಾಡಿ ಮನ್ಯಾಗ ಆರಾಮೇನ್ರಿ ಅಂತಾಳ. ಹುಡುಗಿ ವಯಸ್ಸೆಷ್ಟು, ಓದ್ಯಾಳೇನು, ಲಗ್ನ ಆಗ್ಯಾದೇನು, ನೌಕರಿ ಅದೇನು, ಪಗಾರ ಎಷ್ಟು ಅಂತಾಳ. ನಾ ಏನ್ ತಿಳಕೊಳ್ಳಬೇಕಿತ್ರಿ? ನೌಕರಿ ಇಲ್ಲ, ಮನ್ಯಾಗೇ ಕುಂತಾಳ ಅಂದ್ರ ಮುಂದ ಯಾರರ ಬರ್ತಾರೇನು?’

ನಮ್ಮಲ್ಲೂ ಹಾಗೇ ಅಲ್ಲವೇ ಅಕ್ಕ. ನಿನ್ನನ್ನು ಕೇಳಲು ಬರುವ ಮೊದಲು ಭಾವನವರ ಕಡೆಯವರು ಹೆಸರು ಹೇಳದೆ ಪಾಸ್ಟರರ ಮನೆಯಿಂದ ಎರಡು ಸಲ ವಿಚಾರಿಸಿದ್ದರು, ನೀನು ಇನ್ನೂ ನರ್ಸಿಂಗ್ ಕಲಿಯುತ್ತಿದ್ದೆ, ಅವ್ವ ‘ಸರಕಾರಿ ದವಾಖಾನ್ಯಾಗ ಸಿಸ್ಟರ್ ಇದ್ದಾಳ್ರಿ’ ಎಂದು ಹೇಳಿಕಳಿಸಿದ್ದಳು. ಈ ಜಿಲ್ಲೆಯಲ್ಲಿ ಹೆಸರು ಹೇಳದೆ ಕ್ಷೇಮ ಕೇಳಿ ಫೋನು ಮಾಡುವವರು ಇಬ್ಬರೇ, ಸಂಬಂಧ ಹುಡುಕುವವರು ಮತ್ತು ಈಗ ನಾನು. ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳಿಗೆ ಅದು ಹೊಳೆಯಲಿಲ್ಲ.

ಕಾಜಲ ತಟ್ಟೆ ಕೆಳಗಿಟ್ಟು ಸೆರಗು ತೆಗೆದುಬಿಟ್ಟಳು. ‘ಹಾಂಗಾದ್ರ ಇದು ನಿಮ್ಮ ಕೆಲಸ ಏನ್ರಿ?’ ಎಂದಳು. ಸೆಪ್ಟೆಂಬರಿನಲ್ಲಿ ಅವಳು ಬೀದರಕ್ಕೆ ಬಂದಿದ್ದಳಂತೆ. ರೋಗಿಗಳ ಆರೈಕೆಯ ಮುಂದಿನ ಹಂತದ ಆರು ತಿಂಗಳ ತರಬೇತಿ, ಉಳಿಯಲು ಹಾಸ್ಟೆಲು, ಮುಗಿದ ಮೇಲೆ ಆಸ್ಪತ್ರೆಯಲ್ಲೇ ಕೆಲಸ. ಕಂಪ್ಯೂಟರಿನಲ್ಲಿ ನೀನು ಈಗಾಗಲೇ ನೌಕರಿಯಲ್ಲಿದ್ದೀ ಎಂದು ತೋರಿಸುತ್ತಿದೆ, ನೌಕರಿ ಇದ್ದವರಿಗೆ ಸೀಟಿಲ್ಲ ಎಂದು ಕಳಿಸಿದರಂತೆ. ಮಷೀನಿನ ತಪ್ಪೆಂದು ತಿಳಿದು ಮೂರು ಸಲ ಅಲೆದಿದ್ದಾಳೆ. ಬ್ಯಾಚು ಡಿಸೆಂಬರ್ ಒಂದಕ್ಕೆ ಶುರು. ನಡುವೆ ಸೋಯಾ ಕೊಯ್ಯಲು ಹೋಗಿದ್ದಾಳೆ, ಅಂಗೈ ತೋರಿಸಿದಳು. ಆಮೇಲೆ ತಂದೆಯ ಕಡೆ ನೋಡಿ, ‘ಸರಕಾರದ ಕೈಲಿ ಆಗಲಿಲ್ರಿ, ನಮ್ಮ ಅಪ್ಪ ಒಂದ ಫೋನಿನಾಗ ನೌಕರಿ ಕೊಟ್ಟ’ ಎಂದು ನಕ್ಕಳು. ಆ ನಗುವಿನ ಫೋಟೋ ನಾನು ತೆಗೆಯಲಿಲ್ಲ.

ಹೊರಡುವಾಗ ಮಡೆಪ್ಪ ಬಸ್ಸಿನವರೆಗೆ ಬಂದ. ಕಂಪ್ಯೂಟರಿನಲ್ಲಿ ನೌಕರಿ ಇಲ್ಲ ಎಂದು ತಿದ್ದಿಸುತ್ತೇನೆ ಎಂದೆ. ತಲೆ ಅಲ್ಲಾಡಿಸಿದ. ಬಸ್ಸು ಬಂದಾಗ ಕೇಳಿದ, ‘ನಾಳೆ ಖರೇನೇ ಯಾರರ ಫೋನ್ ಮಾಡಿದ್ರ ನಾ ಏನು ಹೇಳಲ್ರಿ?’ ನಾನು ಬಸ್ಸು ಹತ್ತಿದೆ.

ಮರುದಿನ ಆಫೀಸಿಗೆ ಹೋಗಿ ಔರಾದದ ಮೂವತ್ತೊಂಬತ್ತು ಮನೆಗೂ ಮತ್ತೆ ಫೋನು ಮಾಡಿದೆ. ಈ ಸಲ ಮೊದಲ ಮಾತೇ, ‘ನಾ ಲಗ್ನದ ಸಲುವಾಗಿ ಫೋನ್ ಮಾಡಿಲ್ರಿ, ಸರಕಾರದ ಆಫೀಸಿನಿಂದ ಮಾತಾಡ್ಲತ್ತೀನಿ’ ಎಂದು. ಒಬ್ಬೊಬ್ಬರಿಗೆ ಎಷ್ಟು ನಿರಾಶೆ ಆಯಿತು ಅಕ್ಕ! ಮುನವ್ವರ ಬೇಗಂ ಎಂಬಾಕೆ ಮಗಳು ದೊಡ್ಡ ಅಂಗಡಿಯಲ್ಲಿ ಹೊಲಿಗೆ ಮಾಡುತ್ತಾಳೆ ಎಂದಿದ್ದಳು. ಈಗ, ‘ಹಾಂಗಾದ್ರ ನೌಕರಿ ಇಲ್ಲಮ್ಮ, ಮೊದಲೇ ಹೇಳಬಾರದಾ? ನಮ್ಮ ಅತ್ತಿಗಿ ಮಂದಿಗೆಲ್ಲಾ ಹೇಳಿಬಿಟ್ಟೀನಿ’ ಎಂದು ನನ್ನನ್ನೇ ಗದರಿಸಿದಳು. ಫೋನು ಇಡುವ ಮೊದಲು ದನಿ ತಗ್ಗಿಸಿ, ‘ಆದ್ರೂ ನಿನ್ನ ಕಡಿ ಯಾವದರ ಛಲೋ ರಿಶ್ತಾ ಇದ್ರ ನೋಡವ್ವ’ ಎಂದಳು. ನಗು ಬಂತು, ನಕ್ಕು ಮುಗಿಸಿದ ಮೇಲೆ ಪಟ್ಟಿಯಲ್ಲಿ ಮತ್ತೊಂದು ಹೆಸರಿನ ಮುಂದೆ ಇಲ್ಲ ಎಂದು ಬರೆದೆ. ಸಂಜೆಯ ಹೊತ್ತಿಗೆ ನಿಜವಾಗಿ ನೌಕರಿ ಇದ್ದವರು ಎಂಟೇ ಜನ ಉಳಿದರು. ಮೂವತ್ತೊಂದು ಹೆಸರು ಸುಳ್ಳು.

ಏಕನಾಥ ಸರ್ ಮುಂದೆ ಪಟ್ಟಿ ಇಟ್ಟೆ. ಓದಿ, ಮೇಜಿನ ಡ್ರಾಯರಿನಿಂದ ಗುಳಿಗೆ ತೆಗೆದು ನುಂಗಿದರು. ‘ಮೇಡಂ, ಪ್ಲಾನ್ ಛಾಪಾಗಿ ಬಂದದ. ಹದಿನೇಳಕ್ಕ ಸೋಮವಾರ ಮೀಟಿಂಗ್. ಈಗ ನಾ ಇದನ್ನ ಹ್ಯಾಂಗ ಬದಲಿ ಮಾಡಲ್ರಿ? ಮೊದಲಿನ ಪಟ್ಟಿಗೆ ಸಹಿ ಮಾಡಿದವರು ನೀವೇ.’ ಅದು ನಿಜ. ತಪ್ಪು ಪಟ್ಟಿ ಮಾಡಿದವಳು ಎಂದು ನನ್ನ ಹೆಸರು ಬರುತ್ತದೆ, ಮಾರ್ಚಿನಲ್ಲಿ ಗುತ್ತಿಗೆ ಮುಂದುವರಿಸುವವರು ಅದನ್ನು ಓದುತ್ತಾರೆ. ಸುಮ್ಮನಿದ್ದರೆ ಔರಾದಕ್ಕೆ ಐದು ವರ್ಷ ಏನೂ ಇಲ್ಲ, ಕಾಜಲಳಿಗೆ ಡಿಸೆಂಬರಿನ ಬ್ಯಾಚಿಲ್ಲ. ನಾನು ಅಲ್ಲೇ ನಿಂತೇ ಇದ್ದೆ. ಧೈರ್ಯದಿಂದಲ್ಲ ಅಕ್ಕ, ತಿರುಗಿ ನಡೆಯುವುದೂ ಕೆಲಸವೇ ಅನಿಸಿತು. ಕೊನೆಗೆ ಅವರೇ ಒಂದು ದಾರಿ ಹೇಳಿದರು. ಒಬ್ಬೊಬ್ಬರಿಗೂ ಒಂದು ತಿದ್ದುಪಡಿ ಫಾರ್ಮು. ಅಭ್ಯರ್ಥಿಯ ಹೆಸರು, ತಪ್ಪು ಮಾಹಿತಿ ಕೊಟ್ಟವರು ಯಾರು, ಸಂಬಂಧ ಏನು, ಕಾರಣ ಏನು, ಇಬ್ಬರ ಸಹಿ. ಎಲ್ಲ ತುಂಬಿ ತಂದರೆ ಯೋಜನೆಯ ಹಿಂದೆ ಅನುಬಂಧ ಎಂದು ಹಚ್ಚುತ್ತೇನೆ ಎಂದರು.

ಈ ವಾರ ನಾಲ್ಕು ದಿನ ಔರಾದಕ್ಕೆ ಹೋಗಿಬಂದೆ. ಮೂವತ್ತೊಂದು ಫಾರ್ಮಿನಲ್ಲೂ ಕಾರಣದ ಕಾಲಂನಲ್ಲಿ ಒಂದೇ ವಾಕ್ಯ ಬರೆದೆ, ‘ಲಗ್ನದ ವಿಚಾರಣೆ ಎಂದು ತಿಳಿದು’. ಸಹಿ ಹಾಕುವಾಗ ತಂದೆತಾಯಿಗಳು ಮಕ್ಕಳ ಮುಖ ನೋಡುತ್ತಿರಲಿಲ್ಲ. ಫಾರ್ಮುಗಳು ಈಗ ನಮ್ಮ ಊಟದ ಮೇಜಿನ ಮೇಲೆ ಇವೆ. ನಾಳೆ ಕೊಡಬೇಕು. ಕಣ್ಣು ಎಳೆಯುತ್ತಿದೆ, ಈ ಕಾಗದ ಮುಗಿಸಲಾಗುತ್ತಿಲ್ಲ. ಮೀಟಿಂಗಿನಲ್ಲಿ ಏನಾಯಿತು ಎಂದು ನೋಡಿ ಮುಂದಿನದನ್ನು ಬರೆಯುತ್ತೇನೆ.

೨೦ ನವೆಂಬರ್, ಗುರುವಾರ ಬೆಳಿಗ್ಗೆ

ಅಕ್ಕ, ಮೀಟಿಂಗ್ ಆಯಿತು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಚಹಾ ಕೊಡಲು ಹೋಗುತ್ತಿದ್ದ ಗುಲಾಮ ರಸೂಲ ಪ್ರತಿ ಸಲ ಹೊರಬಂದಾಗಲೂ, ‘ಇನ್ನಾ ಔರಾದ ಬಂದಿಲ್ರಿ ಮೇಡಂ’ ಎಂದು ಹೇಳುತ್ತಿದ್ದ. ಅವನು ನಮ್ಮ ಆಫೀಸಿನ ಹಳೆಯ ಜವಾನ, ರಿಟೈರ್ ಆಗಲು ಬಂದಿದ್ದಾನೆ. ಔರಾದ ಬಂದದ್ದು ಊಟದ ಹೊತ್ತಿಗೆ, ಎಲ್ಲರೂ ಏಳುವ ಅವಸರದಲ್ಲಿದ್ದಾಗ. ಬಹುಶಃ ಅದರಿಂದಲೇ ಒಳ್ಳೆಯದಾಯಿತು. ಕೇಂದ್ರ ಮುಚ್ಚುವುದು ಬೇಡ, ಸದ್ಯಕ್ಕೆ ವರ್ಷಕ್ಕೆ ಎರಡು ಬ್ಯಾಚು ಇರಲಿ, ಮುಂದಿನ ವರ್ಷ ನೋಡೋಣ ಎಂದರಂತೆ. ಯೋಜನೆಯ ಪುಸ್ತಕದಲ್ಲಿ ಮಾತ್ರ ಔರಾದ ಇನ್ನೂ ಜಿಲ್ಲೆಗೆ ಮೊದಲೇ ಇದೆ, ಅದನ್ನು ತಿದ್ದ ಹೊರಟರೆ ಮತ್ತೆ ಛಾಪಿಸಬೇಕು. ಅನುಬಂಧ ಹಿಂದೆ ಇದೆ. ಓದುವವರು ಓದಲಿ.

ಮೊದಲಿನ ಪಟ್ಟಿಗೆ ಸಹಿ ಮಾಡಿದ್ದಕ್ಕೆ ನನ್ನಿಂದ ವಿವರಣೆ ಕೇಳಿದ್ದಾರೆ. ಕೊಟ್ಟಿದ್ದೇನೆ. ಮಾರ್ಚಿನಲ್ಲಿ ಏನಾಗುತ್ತದೋ ಆಗಲಿ, ಈಗ ಅದಕ್ಕೆ ಹೆದರಲೂ ನನ್ನಲ್ಲಿ ಶಕ್ತಿ ಇಲ್ಲ.

ನಿನ್ನೆ ಕಾಜಲ ಫೋನು ಮಾಡಿದ್ದಳು. ಅವಳ ಹೆಸರಿನ ಮುಂದೆ ತಿದ್ದುಪಡಿ ಆಗಿದೆ, ಡಿಸೆಂಬರಿನ ಬ್ಯಾಚಿಗೆ ಸೀಟು ಕೊಟ್ಟಿದ್ದಾರೆ. ಹಾಸ್ಟೆಲಿಗೆ ಹಾಸಿಗೆ ತರಬೇಕೋ ಅಲ್ಲೇ ಕೊಡುತ್ತಾರೋ ಎಂದು ಕೇಳಿದಳು. ಹಿಂದಿನಿಂದ ಮಡೆಪ್ಪನ ದನಿ, ‘ಬಾಯಿಯವರಿಗಿ ನಮಸ್ಕಾರ ಹೇಳು’ ಎಂದು. ಆ ಒಂದು ಫೋನು ಮಾತ್ರ ಈ ವರ್ಷ ನನಗೆ ಬೇಡವೆನಿಸಲಿಲ್ಲ.

ಬೇರೆ ತಾಲ್ಲೂಕುಗಳಲ್ಲೂ ಇಂಥ ತಪ್ಪು ಇದ್ದರೆ ಶುಕ್ರವಾರ ಸಂಜೆಯವರೆಗೆ ಫಾರ್ಮು ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ ಏಕನಾಥ ಸರ್. ಅಂದರೆ ನಾಳೆ.

ನೀನು ಕಿವಿಯ ಮಷೀನು ಹಾಕಿಕೋ, ಡಬ್ಬಿಯಲ್ಲಿ ಇಟ್ಟರೆ ಏನೂ ಕೇಳಿಸುವುದಿಲ್ಲ. ಭಾವನವರಿಗೆ ಬಿಸಿಲಲ್ಲಿ ಹೊಲಕ್ಕೆ ಹೋಗಬೇಡಿ ಎಂದು ಹೇಳು. ಕ್ರಿಸ್‌ಮಸ್‌ಗೆ ಬರುವುದಾದರೆ ಮೊದಲೇ ತಿಳಿಸು, ಕರಿದ ಹೋಳಿಗೆಗೆ ಹಿಟ್ಟು ಹಾಕಿಸುತ್ತೇನೆ. ಕರ್ತನು ನಿಮ್ಮಿಬ್ಬರ ಮೇಲೆ ತನ್ನ ಮುಖಪ್ರಕಾಶ ಇಟ್ಟು ಕಾಯಲಿ. ರಾತ್ರಿಯ ಪ್ರಾರ್ಥನೆಯಲ್ಲಿ ನಮ್ಮ ಮನೆಯ ಹೆಸರು ತೆಗೆಯುವಾಗ ಜಾಕ್ಸನನ ಹೆಸರನ್ನು ಮೊದಲು ಹೇಳು.

ನಿನ್ನ ತಂಗಿ,
ಶರೋನ

ತಾ.ಕ. ಅಕ್ಕ, ಸಹಿ ಮಾಡಿದ ಮೇಲೆ ಧೈರ್ಯ ಬಂತು. ಜಾಕ್ಸನನ ಅಪ್ರೆಂಟಿಸ್ ಅರ್ಜಿ ಅಕ್ಟೋಬರಿನಲ್ಲೇ ವಾಪಸು ಬಂದಿದೆ. ಕಾಜಲಳನ್ನು ಹಿಂದೆ ಕಳಿಸಿದ ಕಾರಣಕ್ಕೇ. ಕಂಪ್ಯೂಟರಿನಲ್ಲಿ ಅವನೂ ನೌಕರಿಯಲ್ಲಿದ್ದಾನೆ. ಹಾಗೆಂದು ಹೇಳಿದವಳು ನಾನು.

ಸೆಪ್ಟೆಂಬರಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಬೆಂಗಳೂರಿನಿಂದ ಒಬ್ಬ ಹುಡುಗಿ ಫೋನು ಮಾಡಿದಳು. ಅವನ ಫಾರ್ಮಿನಲ್ಲಿ ನನ್ನ ನಂಬರು ಇತ್ತು. ‘ನಿಮ್ಮ ಮಗ ಈಗ ಕೆಲಸದಲ್ಲಿದ್ದಾರಾ ಮೇಡಂ?’ ಎಂದು ಕೇಳಿದಳು. ಆ ಒಂಬತ್ತು ಪ್ರಶ್ನೆ ನನಗೆ ಬಾಯಿಪಾಠ. ಕೇಳುವವಳು ಯಾರು, ಯಾಕೆ ಕೇಳುತ್ತಾಳೆ, ಹೌದು ಎಂದರೆ ಏನಾಗುತ್ತದೆ, ಎಲ್ಲ ಗೊತ್ತಿತ್ತು. ಮಡೆಪ್ಪ ತಿಳಿಯದೆ ಹೇಳಿದ. ನಾನು ತಿಳಿದೂ ಹೇಳಿದೆ, ‘ಹೌದ್ರಿ, ಹೈದರಾಬಾದದಾಗ ಕಂಪನ್ಯಾಗ ಇದ್ದಾನ್ರಿ, ಪರ್ಮನೆಂಟ್’ ಎಂದು. ಮನೆಯಲ್ಲಿ ಹೊರಗಿನವರು ಒಬ್ಬರು ಇದ್ದಿದ್ದರೂ ಅವರೆದುರು ಮರ್ಯಾದೆಗೆ ಅಂದೆ ಎನ್ನಬಹುದಿತ್ತು. ಯಾರೂ ಇರಲಿಲ್ಲ. ವಾರವಿಡೀ ಮಂದಿಯ ಮಕ್ಕಳ ಮುಂದೆ ಹೌದು, ಹೌದು ಎಂದು ಬರೆದು ಬಂದವಳು, ನನ್ನ ಮಗನ ಮುಂದೆ ಇಲ್ಲ ಎನ್ನಲು ನನಗೆ ನಾಚಿಕೆಯಾಯಿತು, ಅಷ್ಟೇ.

ಜಾಕ್ಸನ ಪರದೆಯ ಆಚೆ ನಮ್ಮ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದ. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಸಿಟ್ಟಿರಲಿಲ್ಲ. ‘ಮಮ್ಮಿ, ಯಾವ ಕಂಪನಿ ಅಂತ ಹೇಳ್ದಿ? ಯಾರರ ಕೇಳಿದ್ರ ನಾನೂ ಅದೇ ಹೇಳಬೇಕಲ್ಲ’ ಎಂದ. ಆವತ್ತಿನಿಂದ ಅವನು ನಮ್ಮ ಜೊತೆ ಕೂತು ಉಣ್ಣುವುದಿಲ್ಲ, ಭಾಲ್ಕಿಗೂ ಬರುವುದಿಲ್ಲ. ನೀನು ಕೇಳಿದರೆ ಯಾವ ಕಂಪನಿ ಎಂದು ಹೇಳಬೇಕಾಗುತ್ತದೆಯಲ್ಲ. ಅಪ್ರೆಂಟಿಸ್ ಇಪ್ಪತ್ತೆಂಟರ ಒಳಗಿನವರಿಗೆ. ಜನವರಿ ಒಂಬತ್ತಕ್ಕೆ ಅವನಿಗೆ ಇಪ್ಪತ್ತೆಂಟು ತುಂಬುತ್ತದೆ.

ಸೋಮವಾರ ಒಂದು ಖಾಲಿ ಫಾರ್ಮು ಮನೆಗೆ ತಂದಿದ್ದೆ. ಅವನ ಹೆಸರು, ನನ್ನ ಹೆಸರು, ತಾಯಿ ಎಂಬ ಸಂಬಂಧ, ಇಷ್ಟು ಬರೆದೆ. ಕಾರಣದ ಕಾಲಂ ಬಂದಾಗ ಪೆನ್ನು ನಿಂತಿತು. ನಿನ್ನೆ ರಾತ್ರಿ ಅದನ್ನು ಅವನಿಗಾಗಿ ಮುಚ್ಚಿಟ್ಟ ಊಟದ ತಟ್ಟೆಯ ಕೆಳಗೆ ಇಟ್ಟು ಮಲಗಿದೆ. ಇವತ್ತು ಬೆಳಿಗ್ಗೆ ಎದ್ದಾಗ ಅದು ಫ್ರಿಜ್ಜಿನ ಮೇಲಿತ್ತು. ಅವನು ಸಹಿ ಮಾಡಿದ್ದಾನೆ. ಭಾನುವಾರದವರೆಗೆ ನಮ್ಮ ಮೇಜಿನ ಮೇಲಿದ್ದ ಆ ಮೂವತ್ತೊಂದು ಫಾರ್ಮು ಓದಿರಬೇಕು. ಕಾರಣದ ಕಾಲಂನಲ್ಲಿ ತನ್ನ ದುಂಡು ಅಕ್ಷರದಲ್ಲಿ ತಾನೇ ಬರೆದಿದ್ದಾನೆ, ‘ಲಗ್ನದ ವಿಚಾರಣೆ ಎಂದು ತಿಳಿದು’.

ಅದನ್ನು ಹೊಡೆದು ಹಾಕಿ ನಿಜ ಬರೆಯಬೇಕೆಂದು ಪೆನ್ನು ತೆಗೆದೆ ಅಕ್ಕ. ಕೈ ಬರಲಿಲ್ಲ. ಅದರ ಕೆಳಗೇ ಸಹಿ ಮಾಡಿದೆ.